ಸಾವಿತ್ರಿಬಾಯಿಯ ಜಪಾನಿ ಹಾಡು

ದೋರನಹಳ್ಳಿಯ ಸರಕಾರಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ ಸಾವಿತ್ರಿಬಾಯಿಯ ಮುಂದೆ ತಪ್ಪು ಮಾತಾಡಿ ಪಾರಾದವರು ಯಾರೂ ಇರಲಿಲ್ಲ. ತರಗತಿಯ ಮಕ್ಕಳ ಮಾತು ಹಾಗಿರಲಿ, ಶಹಾಪುರದ ಮನೆಯ ಬಾಗಿಲಿಗೆ ಬಂದ ಗ್ಯಾಸಿನವನು "ಇವತ್ತ ಸಾಲಿ ಸೂಟಿ ಏನ್ರಿ?" ಅಂದರೆ, "ಮೊದಲು ಶಾಲೆ ಅನ್ನು, ಆಮೇಲೆ ಸಿಲಿಂಡರ್ ಇಳಿಸು" ಅನ್ನುವ ಹೆಂಗಸು ಆಕೆ. ಗಂಡ ಮರಿಲಿಂಗ ತಹಶೀಲ್ ಕಚೇರಿಯಲ್ಲಿ ಗುಮಾಸ್ತ. ಮದುವೆ ಗೊತ್ತಾದ ಹೊಸದರಲ್ಲಿ ಅವನು ಬರೆದ ಮೊದಲ ಕಾಗದವನ್ನು ಸಾವಿತ್ರಿಬಾಯಿ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದಳಂತೆ. ಆ ಕತೆಯನ್ನು ಮರಿಲಿಂಗ ಬಂದ ನೆಂಟರಿಗೆಲ್ಲ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ನಗದೇ ಇದ್ದವಳು ಸೊಸೆ ಪರಿಮಳಾ ಒಬ್ಬಳೇ. ಸಗರದ ರೈತಾಪಿ ಮನೆಯ ಹುಡುಗಿ, ಸಾವಿತ್ರಿಬಾಯಿಯ ಮಗ ಬುದ್ಧಪ್ರಿಯನನ್ನು ಮದುವೆಯಾಗಿ ಎರಡು ವರ್ಷವಾಗಿತ್ತು. ಬಂದ ಹೊಸದರಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಅತ್ತೆ ಒಂದೊಂದೇ ಮಾತನ್ನು ಹಿಡಿದು ತಿದ್ದಿದಳು. ಬಾಸಿ ಅಲ್ಲ, ಭಾಷೆ. ದೋಸಿ ಅಲ್ಲ, ದೋಸೆ. ಸಿಟ್ಟಿನಿಂದಲ್ಲ, ಚಾಳಿಯಿಂದ. ಆದರೆ ತಿದ್ದಿಸಿಕೊಳ್ಳುವವಳಿಗೆ ಎರಡೂ ಒಂದೇ. ಆರು ತಿಂಗಳಲ್ಲಿ ಪರಿಮಳಾಳ ಮಾತು "ಹೂನ್ರಿ", "ಇಲ್ರಿ" ಎರಡಕ್ಕೆ ಬಂದು ನಿಂತಿತು. ಸೊಸೆ ಗಂಭೀರ ಸ್ವಭಾವದವಳು ಅಂತ ಸಾವಿತ್ರಿಬಾಯಿ ಶಾಲೆಯಲ್ಲಿ ಹೇಳಿಕೊಂಡಳು.

ಫೆಬ್ರವರಿಯ ಒಂದು ಬೆಳಿಗ್ಗೆ ಐದನೇ ತರಗತಿಯ ಬೋರ್ಡಿನ ಮೇಲೆ ಒತ್ತಕ್ಷರ ಬರೆಯುತ್ತಿದ್ದವಳ ಬಲಗೈ ಹಾಗೇ ಕೆಳಗೆ ಜಾರಿತು. ತಿರುಗಿ ಮಕ್ಕಳಿಗೆ ಏನೋ ಹೇಳಲು ಹೋದಳು. ಬಾಯಿಂದ ಬಂದದ್ದು ಮಾತಲ್ಲ. ಮುಂದಿನ ಸಾಲಿನ ಮಕ್ಕಳು ಮೊದಲು ನಕ್ಕವು, ಆಮೇಲೆ ಅಳತೊಡಗಿದವು. ಪಕ್ಕದ ಕೋಣೆಯಿಂದ ಉಮಾ ಟೀಚರ್ ಓಡಿ ಬಂದಳು. ಕಲಬುರಗಿಯ ದವಾಖಾನೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡರು. ಲಕ್ವಾ ಹೊಡೆದಿತ್ತು. ಕಾಲು ಬೇಗ ಬಂತು, ಕೈ ಅರ್ಧ ಬಂತು, ಮಾತು ಬರಲಿಲ್ಲ.

ಬರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಬೇರೆ ಮಾತು ಬರುತ್ತಿತ್ತು. ನೀರು ಬೇಕಾದಾಗ ಸಾವಿತ್ರಿಬಾಯಿಯ ತಲೆಯಲ್ಲಿ "ನೀರು" ಅನ್ನುವುದು ದುಂಡಗೆ, ಬಿಳಿ ಸೀಮೆಸುಣ್ಣದಲ್ಲಿ ಬರೆದ ಹಾಗೆ ನಿಂತಿರುತ್ತಿತ್ತು. ಬಾಯಿ ಅದನ್ನು ಎತ್ತಿಕೊಳ್ಳಲು ಹೋಗಿ ಪಕ್ಕದ ಇನ್ನೇನನ್ನೋ ಎತ್ತಿಕೊಂಡು ಬರುತ್ತಿತ್ತು. "ಸೂಜಿ" ಅನ್ನುತ್ತಿದ್ದಳು. ಅಂದ ಮರುಕ್ಷಣವೇ ಅದು ತಪ್ಪು ಅಂತ ಗೊತ್ತಾಗುತ್ತಿತ್ತು. ಜೀವಮಾನವೆಲ್ಲ ತಪ್ಪು ಹುಡುಕಿದ ಕಿವಿ. ಅದಕ್ಕೆ ಲಕ್ವಾ ಹೊಡೆದಿರಲಿಲ್ಲ.

ನೋಡಲು ಬಂದವರು ಕಿವುಡಿಗೆ ಹೇಳುವಂತೆ ಕೂಗಿ ಮಾತಾಡಿದರು. ಮರಿಲಿಂಗನ ಅಕ್ಕ ರತ್ನಾಬಾಯಿ ಹಾಸಿಗೆಯ ಮೇಲೆ ಬಗ್ಗಿ, "ನಾ ಯಾರ ಹೇಳ ನೋಡೂಣು! ಗುರ್ತ ಸಿಕ್ತೇನು?" ಅಂತ ಮೂರು ಸಲ ಕೇಳಿದಳು. ಗುರುತೇನು, ರತ್ನಾಬಾಯಿ ಹದಿನೈದು ವರ್ಷದ ಹಿಂದೆ ಒಯ್ದು ವಾಪಸು ತರದ ಇಳಕಲ್ ಸೀರೆಯ ಸೆರಗಿನ ಬಣ್ಣವೂ ಸಾವಿತ್ರಿಬಾಯಿಗೆ ನೆನಪಿತ್ತು. ಉಮಾ ಬಂದ ದಿನ ಮಾತ್ರ ಆಕೆ ಧೈರ್ಯ ಮಾಡಿದಳು. ಮಕ್ಕಳು ಹೇಗಿದ್ದಾರೆ ಅಂತ ಕೇಳಬೇಕಿತ್ತು. "ಬಕೀಟು… ಬಕೀಟು ಹೇಗಿದ್ದಾರೆ?" ಅಂದಳು.

ಉಮಾ ಕಣ್ಣು ಪಿಳಿಪಿಳಿ ಬಿಟ್ಟಳು. "ಬಕೀಟು ಚಲೋ ಅದಾವ್ರಿ" ಅಂದಳು. ಆಮೇಲೆ ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ನಕ್ಕಳೋ ಅತ್ತಳೋ ಸಾವಿತ್ರಿಬಾಯಿಗೆ ತಿಳಿಯಲಿಲ್ಲ. ಅವತ್ತಿನಿಂದ ಆಕೆ ಬಾಯಿ ಮುಚ್ಚಿದಳು. ಬೇಕಾದದ್ದನ್ನು ಎಡಗೈಯಿಂದ ತೋರಿಸುವುದು, ಇಲ್ಲವಾದರೆ ಅದಿಲ್ಲದೆ ಇರುವುದು.

ಡಾಕ್ಟರು ಮಾತಾಡಿಸಬೇಕು, ಸುಮ್ಮನೆ ಬಿಡಬಾರದು ಅಂದಿದ್ದರು. ಮರಿಲಿಂಗ ಬಸ್ ನಿಲ್ದಾಣದ ಎದುರಿನ ಪುಸ್ತಕದಂಗಡಿಯಿಂದ ಅಆಇಈ ಚಿತ್ರಪಟ ತಂದು ಹೆಂಡತಿಯ ಮುಂದೆ ಹಿಡಿದ.

"ಇದೇನ ಹೇಳು ಸಾವಿತ್ರಿ? ಅ… ಅರ… ಅರ…"

ಅರಸ. ಗೊತ್ತು. ಅರಸನ ತಲೆಯ ಮೇಲೆ ಬರೆದ ಕಿರೀಟ ಅಪ್ಪಟ ಸುಳ್ಳು, ಯಾವ ಅರಸನೂ ಅಂಥದ್ದನ್ನು ತೊಟ್ಟಿರಲಿಲ್ಲ ಅನ್ನುವುದೂ ಗೊತ್ತು. ಸಾವಿತ್ರಿಬಾಯಿ ಪಟವನ್ನು ಎಡಗೈಯಲ್ಲಿ ಕಿತ್ತುಕೊಂಡು ಬಾಗಿಲಾಚೆ ಎಸೆದಳು. ಮರಿಲಿಂಗ ಅದನ್ನು ಎತ್ತಿ ತಂದು, ದೂಳು ಒರೆಸಿ, ಕಪಾಟಿನ ಮೇಲಿಟ್ಟ. ಅವನ ಕಣ್ಣು ಕೆಂಪಾಗಿದ್ದವು.

ಆ ಮನೆಯಲ್ಲಿ ದಿನಾ ಬೆಳಿಗ್ಗೆ ಬುದ್ಧ, ಬಾಬಾಸಾಹೇಬರ ಫೋಟೊದ ಮುಂದೆ ಮೇಣದಬತ್ತಿ ಹಚ್ಚಿ ಮೊಬೈಲಿನಲ್ಲಿ ವಂದನೆ ಹಾಕುವುದು ರೂಢಿ. ಏಪ್ರಿಲ್ ಮೊದಲ ವಾರ ಒಂದು ದಿನ, ಎಲ್ಲರ ದನಿಯ ಜೊತೆ ಸಾವಿತ್ರಿಬಾಯಿಯ ಬಾಯಿಂದ "ಸರಣಂ ಗಚ್ಛಾಮಿ" ಸ್ಪಷ್ಟವಾಗಿ ಹೊರಟಿತು. ಮರಿಲಿಂಗ ಕೈ ಮುಗಿದವನು ಹಾಗೇ ತಿರುಗಿದ.

"ಬುದ್ಧಪ್ರಿಯಾ, ಲಗೂ ವಿಡಿಯೊ ತಗೀ! ಇನ್ನೊಮ್ಮಿ ಅನ್ನು ಸಾವಿತ್ರಿ, ಇನ್ನೊಮ್ಮಿ!"

ಮೂರೂ ಮುಖಗಳು ತನ್ನ ಬಾಯಿಯನ್ನೇ ನೋಡುತ್ತಿದ್ದವು. ಬಿಲದಿಂದ ಮೂತಿ ಹಾಕಿದ ಇಲಿ ಹಿಂದೆ ಸರಿದಂತೆ ಮಾತು ಒಳಗೆ ಸರಿದುಹೋಯಿತು. ಮರುದಿನದಿಂದ ವಂದನೆಗೂ ಆಕೆ ತುಟಿ ಬಿಚ್ಚಲಿಲ್ಲ.

ಮರಿಲಿಂಗ ಕಚೇರಿಗೆ ಹೊರಟ ಮೇಲೆ, ವಿದ್ಯುತ್ ಇಲಾಖೆಯಲ್ಲಿದ್ದ ಬುದ್ಧಪ್ರಿಯ ಬೈಕು ಹತ್ತಿ ಸುರಪುರಕ್ಕೆ ಹೋದ ಮೇಲೆ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅಡುಗೆಮನೆಯ ಬಾಗಿಲಿಗೆ ನೇರವಾಗಿ ಅತ್ತೆಯ ಕುರ್ಚಿ ಹಾಕಿ ಪರಿಮಳಾ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಳು. ಒಂದು ದಿನ ವಂದನೆ ಹಾಕಿದ ಮೊಬೈಲನ್ನು ನಿಲ್ಲಿಸುವುದು ಮರೆತಳು. ಒಂದು ಮುಗಿದರೆ ತಾನಾಗಿಯೇ ಇನ್ನೊಂದನ್ನು ಹಚ್ಚುವುದು ಅದರ ಗುಣ. ವಂದನೆ ಮುಗಿದು ಯಾವುದೋ ಕೊಳಲು ಬಂತು, ಕೊಳಲಿನ ಹಿಂದೆ ಒಬ್ಬ ಹೆಂಗಸಿನ ದನಿ ಬಂತು. ಪರದೆಯ ಮೇಲೆ ಕಿಟಕಿಯ ಗಾಜು, ಗಾಜಿನ ಮೇಲೆ ಇಳಿಯುವ ಮಳೆಹನಿ, ಒಳಗೆ ಸುತ್ತಿಕೊಂಡು ಮಲಗಿದ ಬೆಕ್ಕು. ಹೊರಗೆ ಶಹಾಪುರದ ಬಿಸಿಲು ಕಲ್ಲು ಸೀಳುವಂತೆ ಸುಡುತ್ತಿತ್ತು. ದನಿಗೆ ಅವಸರವೇ ಇರಲಿಲ್ಲ. ಮಗುವಿನ ಬೆನ್ನು ಸವರುತ್ತ, ಮಗು ಮಲಗಿದ ಮೇಲೂ ಕೈ ತೆಗೆಯದೆ ಕೂತವಳು ಹಾಡುವ ಹಾಗಿತ್ತು. ಯಾವ ಮಾತೂ ತಿಳಿಯಲಿಲ್ಲ.

ತಿಳಿಯದಿದ್ದದ್ದೇ ಸಾವಿತ್ರಿಬಾಯಿಗೆ ಹಿತವಾಯಿತು. ದವಾಖಾನೆಯಿಂದ ಬಂದಾಗಿನಿಂದ ಕಿವಿಗೆ ಬಿದ್ದ ಪ್ರತಿ ಕನ್ನಡ ಮಾತೂ ಆಕೆಯನ್ನು ನಿಲ್ಲಿಸಿ, ಈಗ ನೀನು ಹೇಳು ನೋಡೋಣ ಅಂತ ಕೇಳುತ್ತಿತ್ತು. ಈ ಹಾಡು ಏನನ್ನೂ ಕೇಳಲಿಲ್ಲ. ಆಕೆ ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದಳು.

ಪರಿಮಳಾ ಅದನ್ನು ನೋಡಿದಳು. ಸಂಜೆ ಗಂಡನಿಗೆ ಮೊಬೈಲು ತೋರಿಸಿ ಕೇಳಿದಳು.

"ಇದ್ಯಾವ ಬಾಸಿ ಹಾಡ್ರಿ?"

"ಜಪಾನಿ ಐತಿ" ಅಂದ ಬುದ್ಧಪ್ರಿಯ. "ಮನಸಿಗೆ ತಂಪ ಕೊಡೂ ಹಾಡು ಅಂತ ಮ್ಯಾಲ ಬರದಾರ. ಯಾಕ?"

"ಯಾಕಿಲ್ಲ. ಅತ್ತಿ ಕೇಳ್ತಾರ."

ಮರುದಿನದಿಂದ ಗಂಡಸರು ಹೊರಬಿದ್ದ ಕೂಡಲೇ ಆ ಹಾಡು ಶುರುವಾಗುತ್ತಿತ್ತು. ಹತ್ತಾರು ಹಾಡುಗಳಿದ್ದವು, ಆದರೆ ಅವರಿಬ್ಬರಿಗೂ ಹಿಡಿಸಿದ್ದು ಆ ಮೊದಲಿನದೇ. ಮೂರು ನಾಲ್ಕು ದಿನ ಕೇಳಿದ ಮೇಲೆ ಪರಿಮಳಾ ಅದರ ಜೊತೆ ತಾನೂ ಗುನುಗತೊಡಗಿದಳು. ಸಗರದಲ್ಲಿ ತಾಯಿಯ ಜೊತೆ ಹತ್ತಿ ಬಿಡಿಸುವಾಗ ಸಾಲಿನ ಈ ತುದಿಯಿಂದ ಆ ತುದಿಗೆ ಹಾಡುತ್ತಿದ್ದ ಹುಡುಗಿ. ಈ ಮನೆಗೆ ಬಂದ ಮೇಲೆ ಆಕೆಯ ಕೊರಳನ್ನು ಸಾವಿತ್ರಿಬಾಯಿ ಕೇಳಿದ್ದು ಇದೇ ಮೊದಲು. ಒಳ್ಳೆಯ ಕೊರಳು. ಮಾತು ಮಾತ್ರ ಅಡ್ಡಾದಿಡ್ಡಿ. ಆ ಜಪಾನಿ ಹೆಂಗಸು ಏನೋ ಅಂದರೆ ಇವಳು ರೊಟ್ಟಿ ಬಡಿಯುತ್ತ "ಸೋರಿಕಾಯಿ ಕರಾಕರಾ… ಯಾಕ ನೀ ಮೌನಾ…" ಅಂತ ಎಳೆಯುತ್ತಿದ್ದಳು. ಬಾಯಿಗೆ ಬಂದದ್ದನ್ನು ತುರುಕಿ, ಉಳಿದದ್ದನ್ನು "ನಾ ನಾ ನೋ" ಅಂತ ತುಂಬಿಸಿ, ಲಜ್ಜೆಯಿಲ್ಲದೆ ಹಾಡುತ್ತಿದ್ದಳು.

ಸಾವಿತ್ರಿಬಾಯಿಯ ಕಿವಿ ಎಂದಿನಂತೆ ತಪ್ಪು ಹುಡುಕಲು ಹೊರಟಿತು. ಹುಡುಕಿತು, ಸಿಗಲಿಲ್ಲ. ಸರಿ ಯಾವುದು ಅಂತ ಗೊತ್ತಿದ್ದರಲ್ಲವೇ ತಪ್ಪು ಯಾವುದು ಅನ್ನುವುದು! ಈ ಮನೆಯಲ್ಲಿ, ಈ ಓಣಿಯಲ್ಲಿ, ಬಹುಶಃ ಇಡೀ ಶಹಾಪುರದಲ್ಲಿ ಈ ಹಾಡನ್ನು ತಿದ್ದಬಲ್ಲವರು ಯಾರೂ ಇಲ್ಲ. ಆ ಯೋಚನೆಗೆ ಆಕೆಗೆ ನಗು ಬಂತು. ನಗುವಿನ ಬೆನ್ನಿಗೆ, ಸಾಲಿನ ಕೊನೆಯಲ್ಲಿ ದನಿ ಇಳಿಯುವ ಕಡೆ, ಆಕೆಯ ಗಂಟಲಿನಿಂದ ಉದ್ದಕ್ಕೆ "ನೋ…" ಹೊರಟಿತು.

ರೊಟ್ಟಿ ಬಡಿಯುವ ಸಪ್ಪಳ ಒಂದು ಏಟು ತಪ್ಪಿತು. ಅಷ್ಟೇ. ಮತ್ತೆ ಪಟಪಟ ಮುಂದುವರಿಯಿತು. ಪರಿಮಳಾ ತಿರುಗಿ ನೋಡಲಿಲ್ಲ. ಹೆಂಚಿನ ಕಡೆ ಮುಖ ಮಾಡಿ, ಬೆನ್ನು ಅತ್ತೆಯ ಕಡೆಗೇ ಇಟ್ಟು, ಹಾಡಿನ ಮುಂದಿನ ಸಾಲನ್ನು ಎತ್ತಿದಳು. ಸಾವಿತ್ರಿಬಾಯಿ ಆ ಬೆನ್ನನ್ನು ನೋಡಿದಳು. ಬೆವರಿಗೆ ಕುಪ್ಪಸ ಒದ್ದೆಯಾಗಿ ಅಂಟಿತ್ತು. ಇವಳು ಕೇಳಿಸಿಕೊಂಡಿದ್ದಾಳೆ, ಕೇಳಿಸಿಕೊಂಡೂ ತಿರುಗುತ್ತಿಲ್ಲ. ಎಷ್ಟೋ ವರ್ಷ ಮಕ್ಕಳ ಎದುರು ನಿಂತವಳಿಗೆ ಹಾಗೆ ತಿರುಗದೆ ಇರುವುದು ಎಷ್ಟು ಕಷ್ಟ ಅನ್ನುವುದು ಗೊತ್ತಿತ್ತು. ಮುಂದಿನ ಸಾಲಿನ ಕೊನೆಗೆ ಆಕೆ ಇನ್ನೂ ಸ್ವಲ್ಪ ಗಟ್ಟಿಯಾಗಿ ಹಾಡಿದಳು.

ಹತ್ತು ಹನ್ನೆರಡು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಸೆಕೆಗೆ ಗಂಟಲು ಒಣಗಿ, ಸಾವಿತ್ರಿಬಾಯಿ ಲೋಟದ ಕಡೆ ಕೈ ತೋರಿಸಲು ಹೋದವಳು, ಹಾಡಿನ ಅದೇ ಇಳಿಜಾರಿನಲ್ಲಿ ಜಾರಿಸಿ "ನೀ…ರು" ಅಂದಳು. ಬಂತು. ಸೂಜಿ ಅಲ್ಲ, ನೀರು.

ಪರಿಮಳಾ ಬಿಂದಿಗೆಯಿಂದ ನೀರು ತುಂಬಿದಳು. ಲೋಟ ತುಂಬಿ ನೆಲಕ್ಕೆ ಸ್ವಲ್ಪ ಚೆಲ್ಲಿತು. ಆದರೆ ದನಿ ಬದಲಿಸದೆ, ಅದೇ ಧಾಟಿಯಲ್ಲಿ, "ತಂದೆ…ನ್ರಿ ಅತ್ತೀ…" ಅಂತ ಉತ್ತರ ಹಾಡಿದಳು.

ಅವತ್ತಿನಿಂದ ಮನೆಯಲ್ಲಿ ಒಂದು ವಿಚಿತ್ರ ವ್ಯವಹಾರ ಶುರುವಾಯಿತು. ಅನ್ನ, ಚಾ, ಸಾಕು, ಬಿಸಿಲು, ಬಾಗಿಲು, ಎಲ್ಲ ಆ ಜಪಾನಿ ಧಾಟಿಯ ಮೇಲೆ ಕೂತು ಬಂದವು. ತಪ್ಪೂ ಬಂದವು. ಟವೆಲ್ ಬೇಕಾದಾಗ ಸಾವಿತ್ರಿಬಾಯಿ "ಸೂ…ಜಿ" ಅಂತ ಹಾಡಿದರೆ, ಪರಿಮಳಾ ಮುಖ ಗಂಭೀರ ಮಾಡಿಕೊಂಡು ನಿಜವಾಗಿಯೂ ಸೂಜಿ ತಂದು ಕೈಯಲ್ಲಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಸಾವಿತ್ರಿಬಾಯಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಸೊಸೆಗೆ ಮುಂದಿನ ಹಲ್ಲಿನ ಪಕ್ಕ ಒಂದು ಸಣ್ಣ ಸಂದಿ ಇದೆ ಅನ್ನುವುದನ್ನು ಎರಡು ವರ್ಷದಲ್ಲಿ ಆಕೆ ನೋಡಿಯೇ ಇರಲಿಲ್ಲ.

ಬುದ್ಧಪ್ರಿಯನಿಗೆ ವಿಷಯ ಗೊತ್ತಾಯಿತು. ಒಂದು ರವಿವಾರ ಅವನು ಉತ್ಸಾಹದಿಂದ ಮೊಬೈಲು ಹಿಡಿದು ಕೂತ.

"ಅವ್ವಾ, ಇದರ ಅರ್ಥ ಏನಂತ ಮೊಬೈಲೇ ಹೇಳ್ತದ. ಕನ್ನಡದಾಗ ಮಾಡಿ ಓದ್ತೀನಿ ತಡಿ."

ಸಾವಿತ್ರಿಬಾಯಿ ಎಡ ಅಂಗೈಯನ್ನು ಪರದೆಯ ಮೇಲೆ ಅಡ್ಡ ಇಟ್ಟಳು. ಬೇಡ ಅನ್ನುವಂತೆ ತಲೆ ಆಡಿಸಿದಳು. ಜೀವನವಿಡೀ ಅರ್ಥ ಬಿಡಿಸಿ ಹೇಳಿದವಳು ಅರ್ಥ ಬೇಡ ಅಂದದ್ದು ಮಗನಿಗೆ ಸೋಜಿಗವಾಯಿತು. ಅಡುಗೆಮನೆಯಿಂದ ಪರಿಮಳಾ ಹೇಳಿದಳು: "ಬಿಡ್ರಿ, ಅರ್ಥ ಗೊತ್ತಾತಂದ್ರ ತಪ್ಪೂ ಗೊತ್ತಾಗ್ತಾವ."

ಮರಿಲಿಂಗನಿಗೆ ಇಷ್ಟು ಸೂಕ್ಷ್ಮ ಹತ್ತಲಿಲ್ಲ. ಅವನು ಕೆಟ್ಟವನಲ್ಲ, ಸಂತೋಷ ಹೊಟ್ಟೆಯಲ್ಲಿ ನಿಲ್ಲದ ಮನುಷ್ಯ. ಮೇ ತಿಂಗಳಲ್ಲಿ ಕಚೇರಿಯ ಪರಮಣ್ಣನನ್ನೂ ಅಕ್ಕ ರತ್ನಾಬಾಯಿಯನ್ನೂ ಚಹಾಕ್ಕೆ ಕರೆದು ತಂದ. ಕುರ್ಚಿಗಳನ್ನು ಸಾಲಾಗಿ ಹಾಕಿದ.

"ನಮ್ಮಾಕಿ ಜಪಾನಿ ಹಾಡು ಹಾಡ್ತಾಳ್ರಿ ಪರಮಣ್ಣ! ಹಾಡ್ತಾ ಹಾಡ್ತಾ ಮಾತಾಡ್ತಾಳ. ಹಾಡು ಸಾವಿತ್ರಿ, ಹಾಡು. ನೀರು ಅನ್ನು. ಹೆಂಗ ಅಂತೀದಿ?"

ಎಲ್ಲರೂ ಆಕೆಯ ಬಾಯಿ ನೋಡಿದರು. ರತ್ನಾಬಾಯಿ ಪ್ರೋತ್ಸಾಹಕ್ಕೆ ಅಂತ ಚಪ್ಪಾಳೆ ಕೂಡ ತಟ್ಟಿದಳು. ಸಾವಿತ್ರಿಬಾಯಿಯ ಮೈ ಬೆವರಿತು. ತಲೆಯಲ್ಲಿ ಧಾಟಿಯೂ ಇಲ್ಲ, ಮಾತೂ ಇಲ್ಲ, ಒರೆಸಿದ ಬೋರ್ಡು.

"ನೀ… ನೀ… ಅನ್ನು. ಅಯ್ಯ, ನಿನ್ನೆ ಅಂದಿದ್ದಿಯಲ್ಲ!" ಅಂದ ಮರಿಲಿಂಗ.

"ಮಾವಾರ."

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಪರಿಮಳಾಳ ದನಿ ಅದು. ಎತ್ತರದ ದನಿಯಲ್ಲ, ಆದರೆ ರತ್ನಾಬಾಯಿಯ ಚಪ್ಪಾಳೆ ನಿಂತಿತು.

"ಅತ್ತಿ ಏನು ಆಟದ ಸಾಮಾನ ಅದಾರೇನ್ರಿ, ಕೀಲಿ ಕೊಟ್ಟಂಗ ಹಾಡ್ಸಾಕ? ಮಂದಿ ಮುಂದ ತಪ್ಪಾದ್ರ ಅವರಿಗಿ ಎಷ್ಟ ಸಂಕಟ ಆಗ್ತದ ನಿಮಗ ಗೊತ್ತಿಲ್ಲ. ನನಗ ಗೊತ್ತೈತಿ. ಎರಡು ವರ್ಷ ನಾ ಇದ ಮನ್ಯಾಗ ಬಾಯಿ ತಗೀಲಾಕ ಹೆದರೇನಿ."

ಅಂದು ಮುಗಿಸಿದ ಮೇಲೆ ತಾನು ಏನು ಅಂದೆ ಅನ್ನುವುದು ಅವಳಿಗೇ ತಟ್ಟಿತು. ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಒಳಗೆ ಹೋಗಿಬಿಟ್ಟಳು. ಪರಮಣ್ಣ ಚಹಾ ಊದಿ ಊದಿ ಕುಡಿದ. ಮರಿಲಿಂಗ ನೆಲ ನೋಡಿದ. ರತ್ನಾಬಾಯಿ, "ಈಗಿನ ಸೊಸೆಂದ್ರು" ಅಂತ ಶುರುಮಾಡಿ, ಯಾರೂ ಹೂಂಗುಟ್ಟದಿದ್ದುದನ್ನು ನೋಡಿ ನಿಲ್ಲಿಸಿದಳು.

ಅವರು ಹೋದ ಮೇಲೆ ಸಾವಿತ್ರಿಬಾಯಿ ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಹೋದಳು. ಪರಿಮಳಾ ಒಲೆಯ ಕಟ್ಟೆಗೆ ಮುಖ ಮಾಡಿ ನಿಂತಿದ್ದಳು, ಭುಜ ಅದುರುತ್ತಿತ್ತು. ಹೇಳಬೇಕಾದದ್ದು ತುಂಬ ಇತ್ತು. ತಲೆಯಲ್ಲಿ ಪೂರ್ಣವಿರಾಮದ ಸಮೇತ ಸಿದ್ಧವಾಗಿತ್ತು: ನಾನು ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ, ನಿನ್ನ ಬಾಯಿ ಮುಚ್ಚಿಸುತ್ತಿದ್ದೆ ಅಂತ ತಿಳಿಯಲಿಲ್ಲ. ಅಷ್ಟು ಉದ್ದದ್ದನ್ನು ಯಾವ ಹಾಡೂ ಹೊರುತ್ತಿರಲಿಲ್ಲ. ಆಕೆ ಎಡಗೈಯನ್ನು ಸೊಸೆಯ ಬೆನ್ನ ಮೇಲಿಟ್ಟಳು.

"ಮಾ…ತಾಡು" ಅಂದಳು. ಧಾಟಿಯಲ್ಲೇ, ಮೆಲ್ಲಗೆ. "ಮಾತಾ…ಡವಾ."

ಪರಿಮಳಾ ತಿರುಗಿದಳು. ಮೂಗು ಒರೆಸಿಕೊಂಡಳು. ಆಮೇಲೆ ಸಗರದ ತಾಯಿಮನೆಯ ಮಾತು ತೆಗೆದು, ಅವ್ವನ ಆಡು ಎರಡು ಮರಿ ಹಾಕಿದ್ದು, ತಂಗಿಯ ಪರೀಕ್ಷೆ, ಊರಕಟ್ಟೆಯ ಮೇಲಿನ ಜಗಳ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಪಲ್ಯ ಹೊತ್ತಿತು. ಸಾವಿತ್ರಿಬಾಯಿ ಕಟ್ಟೆಗೆ ಒರಗಿ ನಿಂತು ಕೇಳಿದಳು. ಆ ಮಾತಿನಲ್ಲಿ ಬಾಸಿಯೂ ಇತ್ತು, ಸಾಲಿಯೂ ಇತ್ತು. ಕಿವಿ ಅವುಗಳನ್ನು ಗುರುತು ಹಿಡಿಯಿತು, ಹಿಡಿದು ಮುಂದೆ ಹೋಗಗೊಟ್ಟಿತು.

ಜೂನ್‌ನಲ್ಲಿ ಶಾಲೆಗಳು ಶುರುವಾದವು. ಸಾವಿತ್ರಿಬಾಯಿಯ ರಜೆ ಮುಂದುವರಿಸಬೇಕೋ, ಕೆಲಸಕ್ಕೆ ಸೇರಿಸಬೇಕೋ ಅಂತ ತೀರ್ಮಾನಿಸಲು ಯಾದಗಿರಿಯಲ್ಲಿ ವೈದ್ಯರ ಮುಂದೆ ಹಾಜರಾಗಬೇಕಿತ್ತು. ಮರಿಲಿಂಗ ತಾನು ಬರುತ್ತೇನೆ ಅಂದ. ಸಾವಿತ್ರಿಬಾಯಿ ಸೊಸೆಯ ಕಡೆ ಬೆರಳು ತೋರಿಸಿದಳು. ಮರಿಲಿಂಗ ಜಗಳವಾಡಲಿಲ್ಲ, ಕಾಗದಗಳನ್ನೆಲ್ಲ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಕೊಟ್ಟು, ಬಸ್ಸು ಬಿಡುವ ತನಕ ಕೆಳಗೆ ನಿಂತಿದ್ದ.

ಭೀಮಾ ಸೇತುವೆ ದಾಟುವಾಗ ಹೊಳೆಯಲ್ಲಿ ಹೊಸ ನೀರು ಕೆಂಪಗೆ ಹರಿಯುತ್ತಿತ್ತು. ಪರಿಮಳಾ ಬಾಯಿಯೊಳಗೇ ಗುನುಗುತ್ತಿದ್ದಳು.

ಕೋಣೆಯಲ್ಲಿ ಮೂವರು ವೈದ್ಯರಿದ್ದರು. ನಡುವಿನವರು ನಡು ವಯಸ್ಸಿನ ಹೆಂಗಸು. "ನಿಮ್ಮ ಹೆಸರು ಹೇಳ್ರಿ ಟೀಚರ್" ಅಂದರು.

ಮತ್ತೆ ಆ ಬೆವರು. ಸಾವಿತ್ರಿಬಾಯಿ ಹಿಂದೆ ನೋಡಿದಳು. ಪರಿಮಳಾ ಇತ್ತ ನೋಡುತ್ತಿರಲಿಲ್ಲ. ಕಿಟಕಿಯಾಚೆಯ ಬೇವಿನಗಿಡದ ಕಡೆ ಮುಖ ಮಾಡಿ, ಅಲ್ಲೇನೋ ದೊಡ್ಡ ಕೆಲಸವಿದ್ದಂತೆ ನಿಂತಿದ್ದಳು. ಸಾವಿತ್ರಿಬಾಯಿ ಉಸಿರು ಎಳೆದುಕೊಂಡು, ಮೊದಲು ತುಟಿ ಬಿಚ್ಚದೆ ಗುನುಗಿದಳು. ವೈದ್ಯರು ಕಾದರು. ಆಮೇಲೆ, "ಸಾವಿ…ತ್ರಿ… ಬಾಯಿ" ಅಂದಳು.

"ಶಾಲಿ ಯಾವೂರಾಗ?"

"ದೇ…ವಾಪುರ."

ತಪ್ಪು. ಅಂದ ಕೂಡಲೇ ಗೊತ್ತಾಯಿತು. ದೇವಾಪುರದಲ್ಲಿ ಆಕೆ ಒಂದು ದಿನವೂ ಕಲಿಸಿರಲಿಲ್ಲ. ಮೊದಲಿನ ಸಾವಿತ್ರಿಬಾಯಿ ಆಗಿದ್ದರೆ ಅಲ್ಲಿಗೆ ಬಾಯಿ ಮುಚ್ಚಿಬಿಡುತ್ತಿದ್ದಳು. ಈಗ ಆಕೆ ಎಡಗೈಯನ್ನು ಅಡ್ಡ ಆಡಿಸಿ, "ತಪ್ಪು" ಅಂದಳು. ಧಾಟಿಯಿಲ್ಲದೆ, ಹಾಗೇ ಬಂದ ಮಾತು. ಮತ್ತೆ ಗುನುಗಿ, "ದೋ…ರನಳ್ಳಿ" ಅಂದಳು.

ನಡುವಿನ ವೈದ್ಯೆ ನಕ್ಕು ಏನೋ ಬರೆದುಕೊಂಡರು. "ಪಾಠ ಮಾಡೂದು ಈಗ ಆಗಂಗಿಲ್ಲ ಟೀಚರ್. ಇನ್ನ ಮೂರು ತಿಂಗಳು ಬಿಟ್ಟು ನೋಡೂಣು. ಆದ್ರ ಚಲೋ ನಡದದ. ಯಾರು ಕಲಸಾಕತ್ತಾರ ನಿಮಗ?"

ಸಾವಿತ್ರಿಬಾಯಿ ಕಿಟಕಿಯ ಬಳಿ ನಿಂತವಳ ಕಡೆ ಕೈ ತೋರಿಸಿದಳು.

ಮೂರು ತಿಂಗಳು. ಹೊರಗೆ ಬಂದ ಮೇಲೆ ಆ ಮಾತು ಎದೆಯಲ್ಲಿ ಭಾರವಾಗಿ ಕೂತಿತು. ಒಳಗೊಳಗೇ ಈಗಲೇ ಶಾಲೆಗೆ ಮರಳುವ ಆಸೆ ಇತ್ತು. ಪರಿಮಳಾ ಅದನ್ನು ಬಲ್ಲವಳಂತೆ, ಸಮಾಧಾನದ ಮಾತು ಹೇಳದೆ, ಬಸ್ ನಿಲ್ದಾಣದ ಬಳಿಯ ಬಂಡಿಯ ಹತ್ತಿರ ಅತ್ತೆಯನ್ನು ನಿಲ್ಲಿಸಿದಳು. ಎಣ್ಣೆಯಲ್ಲಿ ಮಿರ್ಚಿ ಭಜಿ ಚರಗುಟ್ಟುತ್ತಿತ್ತು.

"ಏನ ಕೊಡ್ಲಿರಿ?" ಅಂದ ಬಂಡಿಯವನು.

ಪರಿಮಳಾ ಬಾಯಿ ತೆರೆಯಲಿಲ್ಲ. ಸಾವಿತ್ರಿಬಾಯಿ ಭಜಿಯನ್ನು ನೋಡಿದಳು, ಬಾಯಲ್ಲಿ ನೀರೂರಿತು. "ಚಾ" ಅಂದಳು. ಅವನು ಎರಡು ಕಪ್ ಚಾ ತಂದಿಟ್ಟ. ಇಬ್ಬರೂ ಬೆಂಚಿನ ಮೇಲೆ ಕೂತು ಅದನ್ನು ಕುಡಿದರು. ಚಾ ಚೆನ್ನಾಗಿಯೇ ಇತ್ತು. ಮೋಡ ಕವಿದು ಗಾಳಿ ತಂಪಾಗಿತ್ತು, ಶಹಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಪ್ ಕೆಳಗಿಟ್ಟು ಸಾವಿತ್ರಿಬಾಯಿ ಭಜಿಯನ್ನು ಮತ್ತೊಮ್ಮೆ ನೋಡಿ, ಬಂಡಿಯವನ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಇನ್ನೊಮ್ಮೆ ಪ್ರಯತ್ನ ಮಾಡಿದಳು.